ಮೇ ತಿಂಗಳು ಇಲ್ಲದ ಡಿಸ್ಕು

ಬೆಳಗಿನ ಹತ್ತೂಕಾಲಿಗೆ ರೂಪಾಲಿ ತಪ್ಪು ಡಿಸ್ಕಿನ ಹೆಸರು ಟೈಪು ಮಾಡಿ ಕೀಲಿ ಒತ್ತಿದಳು. ಅದು ತಪ್ಪು ಎಂದು ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಆ ಹೊತ್ತಿನಲ್ಲಿ ಅವಳು ಚಹಾ ಕುಡಿದಳು, ಹಿಂದಿನ ಬೆಂಚಿನ ಮೇಲೆ ಕೂತಿದ್ದ ಉದ್ದಪ್ಪನಿಗೂ ಒಂದು ಕಪ್ಪು ಕೊಡಿಸಿದಳು, ಪರದೆಯ ಮೇಲೆ ಒಂದು ಅಂಕಿ ನಿಧಾನವಾಗಿ ಏರುವುದನ್ನು ನೋಡುತ್ತ ಕೂತಳು. ಒಂದು ಡಿಸ್ಕಿನಲ್ಲಿದ್ದದ್ದು ಇನ್ನೊಂದಕ್ಕೆ ನಕಲಾಗುತ್ತಿತ್ತು. ನಕಲು ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ.

ಅಂದು ವಿಜಯದಶಮಿ. ಮೂಡಲಗಿ ಪೇಟೆಯಲ್ಲಿ ರೂಪಾಲಿ ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡುವ ಬಾಹುಬಲಿಯ ಫೋಟೊ ಸ್ಟುಡಿಯೊ ಅರ್ಧ ಷಟರ್ ಎತ್ತಿಕೊಂಡು ತೆರೆದಿತ್ತು. ಹಿಂದಿನ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ, ಆಗಿತ್ತು. ಟ್ರೈಪಾಡುಗಳ ಕಾಲಿಗೆ, ಲೈಟಿನ ಛತ್ರಿಗೆ, ಬಾಗಿಲ ಮುಂದಿನ ಬೈಕಿಗೆ ಕಟ್ಟಿದ್ದ ಚೆಂಡುಹೂ ಇನ್ನೂ ಬಾಡಿರಲಿಲ್ಲ. ಬೇರೆಯವರು ಕಂಪ್ಯೂಟರಿನ ಹಣೆಗೆ ಕುಂಕುಮ ಹಚ್ಚಿ ಸುಮ್ಮನಾಗುತ್ತಾರೆ. ಈ ಮನೆಯಲ್ಲಿ ಹಾಗಲ್ಲ. ಬಾಹುಬಲಿಯ ತಂದೆ ಹಿಟ್ಟಿನ ಗಿರಣಿ ನಡೆಸುತ್ತಿದ್ದಾಗ ನವಮಿಯ ದಿನ ಬೀಸುವ ಕಲ್ಲನ್ನೇ ಎತ್ತಿ ಇಳಿಸಿ, ತೊಳೆದು, ಪೂಜೆ ಮಾಡುತ್ತಿದ್ದರಂತೆ. ಗಿರಣಿ ಹೋಗಿ ಸ್ಟುಡಿಯೊ ಬಂದ ಮೇಲೂ ಅವನ ತಾಯಿ ಇಂದುಬಾಯಿ ಆ ಪದ್ಧತಿ ಬಿಟ್ಟಿರಲಿಲ್ಲ. "ಹೊಟ್ಟಿಯೊಳಗಿಂದ ತಗೀರಿ, ಕೆಲಸಾ ಮಾಡೂದು ಅದ. ಮ್ಯಾಲಿನ ಡಬ್ಬಿಗೇನು ಪೂಜಿ ಮಾಡ್ತೀರಿ?" ಎಂದು ಪ್ರತಿವರ್ಷ ಅಂದಂತೆ ಈ ವರ್ಷವೂ ಅಂದಳು. ರೂಪಾಲಿ ತಾನೇ ಸ್ಕ್ರೂ ಬಿಚ್ಚಿ ಎರಡು ಡಿಸ್ಕುಗಳನ್ನು ಅವಳ ಕೈಗೆ ಕೊಟ್ಟಿದ್ದಳು. ಇಂದುಬಾಯಿ ಅವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಅವುಗಳ ಬೆನ್ನಿಗೆ ರೂಪಾಲಿ ಅಂಟಿಸಿದ್ದ ಕಾಗದದ ಚೀಟಿಗಳು ಒದ್ದೆಯಾಗಿ ಬಟ್ಟೆಗೆ ಹತ್ತಿಕೊಂಡು ಹೋದವು. ರೂಪಾಲಿ ನೋಡಿದ್ದಳು. ಹೋಗಲಿ, ನಾಳೆ ಮತ್ತೆ ಅಂಟಿಸಿದರಾಯಿತು ಎಂದುಕೊಂಡಿದ್ದಳು. ದಶಮಿಯ ಬೆಳಿಗ್ಗೆ ಗೋಕಾಕದಿಂದ ಅವಳ ಬಸ್ಸು ಬರುವಷ್ಟರಲ್ಲಿ ಬಾಹುಬಲಿ ಎರಡನ್ನೂ ಒಳಗೆ ಕೂರಿಸಿ ಮುಚ್ಚಿಬಿಟ್ಟಿದ್ದ. "ಎರಡ ವಾಯರು, ನಾಕ ಸ್ಕ್ರೂ. ಅದಕ್ಕೇನು ನಿಮ್ಮ ದಾರಿ ಕಾಯೂದು?"

ಆ ಎರಡು ಡಿಸ್ಕುಗಳು ಜೋಡಿ. ಒಂದರಲ್ಲಿ ಬರೆದದ್ದು ಅದೇ ಗಳಿಗೆಗೆ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಒಂದು ಸತ್ತರೆ ಇನ್ನೊಂದು ಉಳಿಯುತ್ತದೆ. ರೇಡ್ ಎಂದು ಕರೆಯುವುದು ಇಷ್ಟನ್ನೇ. ಏಪ್ರಿಲಿನ ಬಿಸಿಲಲ್ಲಿ ಕರೆಂಟು ಹೋಗಿ ಬಂದು ಮಾಡಿದ ಒಂದು ಮಧ್ಯಾಹ್ನ ಒಂದು ಡಿಸ್ಕು ಜೋಡಿಯಿಂದ ಹೊರಬಿದ್ದಿತ್ತು. ಅದು ಸಾಯಲಿಲ್ಲ, ಅದರಲ್ಲಿ ಹೊಸದೇನೂ ಬರೆಯಲ್ಪಡುವುದು ನಿಂತಿತು, ಅಷ್ಟೆ. ಅಂದಿನಿಂದ ಮದುವೆಗಳೆಲ್ಲ ಒಂದರಲ್ಲಿ ಮಾತ್ರ ಸೇರುತ್ತ ಹೋದವು; ಇನ್ನೊಂದು ಪಕ್ಕದಲ್ಲೇ ತಿರುಗುತ್ತ ಏಪ್ರಿಲಿನಲ್ಲೇ ಉಳಿಯಿತು. ಮತ್ತೆ ಕೂಡಿಸಬೇಕು ಎಂದು ರೂಪಾಲಿ ಹೇಳಿದ್ದಳು. "ಸೀಜನ್ ಮುಗೀಲಿ" ಎಂದಿದ್ದ ಬಾಹುಬಲಿ. ಸೀಜನ್ ಮುಗಿದ ಮೇಲೆ ಅವನಿಗೂ ನೆನಪಾಗಲಿಲ್ಲ, ಅವಳೂ ನೆನಪು ಮಾಡಲಿಲ್ಲ. ಇವತ್ತು ದಶಮಿ, ಹೊಸ ಕೆಲಸಕ್ಕೆ ಒಳ್ಳೆಯ ದಿನ ಎಂದು ಅವಳೇ ಕೈಹಾಕಿದ್ದಳು.

ಯಂತ್ರ ಡಿಸ್ಕುಗಳಿಗೆ ಖಾಯಂ ಹೆಸರು ಇಡುವುದಿಲ್ಲ. ಎದ್ದಾಗ ಯಾವ ವಾಯರಿನಲ್ಲಿ ಯಾವುದು ಮೊದಲು ಸಿಕ್ಕಿತೋ ಅದು ಎಸ್‌ಡಿಬಿ, ಆಮೇಲೆ ಸಿಕ್ಕದ್ದು ಎಸ್‌ಡಿಸಿ. ವಾಯರು ಅದಲುಬದಲಾದರೆ ಹೆಸರೂ ಅದಲುಬದಲು. ನಿಜವಾದ ಗುರುತು ಬೇರೆಯೇ ಇರುತ್ತದೆ. ಪ್ರತಿ ಡಿಸ್ಕಿನ ಒಳಗೆ ಒಂದು ಉದ್ದನೆಯ ಸಂಖ್ಯೆ, ಅದರ ಜೊತೆಗೆ ಕೊನೆಯ ಬಾರಿ ಬರೆದ ದಿನಾಂಕ. ಕೇಳಿದರೆ ಯಂತ್ರ ಹೇಳುತ್ತದೆ. ಮೊದಲು ಅದನ್ನು ಕೇಳಬೇಕು ಎಂಬುದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ರೂಪಾಲಿಗೂ ಗೊತ್ತಿತ್ತು. ಅವಳು ಕೇಳಲಿಲ್ಲ. ತಿಂಗಳುಗಟ್ಟಲೆ ಎಸ್‌ಡಿಬಿ ಎಂದರೆ ಹೊಸದು, ಎಸ್‌ಡಿಸಿ ಎಂದರೆ ಹಿಂದುಳಿದದ್ದು ಎಂದು ಬೆರಳುಗಳಿಗೆ ರೂಢಿಯಾಗಿತ್ತು. ಹಿಂದುಳಿದದ್ದನ್ನು ಸೇರಿಸು ಎಂದಾಗ ಯಂತ್ರ ಒಮ್ಮೆ ತಡೆಯಿತು ಕೂಡ: ಇದು ಹಿಂದೆ ಇದೇ ಜೋಡಿಯಲ್ಲಿದ್ದದ್ದು, ಸೇರಿಸಲೇಬೇಕಾದರೆ ಮೊದಲು ಇದರ ಗುರುತು ಅಳಿಸು ಎಂದಿತು. ಅವಳು ಅಳಿಸಿದಳು. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಇಂದುಬಾಯಿ, "ತ್ರಿಶಲಾ, ಚಾ ಆರಾಕತ್ತೈತಿ" ಎಂದು ಕೂಗಿದಳು. ಆ ಹೆಸರು ಕೇಳಿ ಮನಸ್ಸು ಕದಡಿ ಕೈ ತಪ್ಪಿತು ಎಂದು ನಂಬಿಕೊಳ್ಳಲು ರೂಪಾಲಿ ಆಮೇಲೆ ಎಷ್ಟೋ ಸಲ ಪ್ರಯತ್ನಪಟ್ಟಳು. ಆದರೆ ಕ್ರಮ ಹಾಗಿರಲಿಲ್ಲ. ಮೊದಲು ಅವಳು ಕೀಲಿ ಒತ್ತಿದ್ದಳು. ಕೂಗು ಬಂದದ್ದು ನಂತರ.

ತ್ರಿಶಲಾ ಎಂಬುದು ರೂಪಾಲಿಗೆ ಕೊಣ್ಣೂರಿನ ಗಂಡನ ಮನೆಯವರು ಇಟ್ಟ ಹೆಸರು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಗಂಡನ ಕೈಗೆ ಉಂಗುರ ಕೊಟ್ಟು, ಅದರ ತುದಿಯಿಂದ ಬರೆಸಿದ್ದರು; ಬಾಹುಬಲಿಯೇ ಅದನ್ನು ಶೂಟಿಂಗ್ ಮಾಡಿದ್ದ. ಹುಕ್ಕೇರಿಯ ಮನೆಯಲ್ಲಿ ಇಪ್ಪತ್ತಾರು ವರ್ಷ ರೂಪಾಲಿಯಾಗಿದ್ದವಳು ತಾಟು ನೋಡಿ ತಾನು ಯಾರೆಂದು ಓದಿಕೊಂಡಿದ್ದಳು. ಆ ಅಕ್ಕಿಯನ್ನು ಆಮೇಲೆ ಏನು ಮಾಡಿದರು ಎಂದು ಅವಳಿಗೆ ಎಂದೂ ಗೊತ್ತಾಗಲಿಲ್ಲ; ಚೀಲಕ್ಕೆ ಸುರಿದಿರಬೇಕು, ಯಾರೋ ಉಂಡಿರಬೇಕು. ಆ ಮನೆ ಬಿಟ್ಟು ಬಂದ ಮೇಲೂ ಬ್ಯಾಂಕಿನಲ್ಲಿ ತ್ರಿಶಲಾ ಉಳಿದಳು. ಹುಕ್ಕೇರಿಯಲ್ಲಿ ಅಣ್ಣ ರೂಪಾಲಿ ಎಂದೇ ಕರೆಯುತ್ತಾನೆ, ಆದರೆ ಅವಳ ಕೋಣೆಯಲ್ಲಿ ಈಗ ಅಣ್ಣನ ಮಗಳ ಮಂಚವಿದೆ. ಗೋಕಾಕದ ಬಾಡಿಗೆ ಖೋಲಿಯ ಮಾಲಕಿಗೆ ಅವಳು "ಕಂಪ್ಯೂಟರ್ ಬಾಯಿ". ಇಂದುಬಾಯಿಯ ತವರು ಕೊಣ್ಣೂರು. ಮದುವೆಯ ಊಟಕ್ಕೆ ಬಂದವಳು, ಅಂದು ಕೇಳಿದ ಹೆಸರನ್ನೇ ಹಿಡಿದುಕೊಂಡಿದ್ದಾಳೆ. ಅದರಲ್ಲಿ ಕೆಡುಕಿಲ್ಲ. ಬಸ್ಸಿನಲ್ಲಿ ಹಿಂದಿನಿಂದ ಯಾರಾದರೂ ಯಾವುದೇ ಹೆಸರು ಹಿಡಿದು ಕರೆದರೂ ರೂಪಾಲಿ ತಿರುಗಿ ನೋಡುವುದನ್ನು ಬಿಟ್ಟಿದ್ದಳು. ಇವತ್ತು ರಜೆ, ದಿನಾ ಅರಭಾವಿಯಲ್ಲಿ ಇಳಿಯುವ ಕಾಲೇಜು ಹುಡುಗಿಯರಿಲ್ಲದೆ ಬಸ್ಸು ಖಾಲಿಯಿತ್ತು. ಹಬ್ಬದ ದಿನ ಎಲ್ಲಿಗೆ ಹೊರಟಿರಿ ಎಂದು ಕಂಡಕ್ಟರನೂ ಕೇಳಲಿಲ್ಲ.

ಉದ್ದಪ್ಪ ಮೇಲವಂಕಿಯವನು, ಕಂಡವರ ಹೊಲದಲ್ಲಿ ಕಬ್ಬು ಕಡಿಯುವವನು. ಮೇ ತಿಂಗಳಲ್ಲಿ ಅವನ ಮಗಳು ದೀಪಾಳ ಮದುವೆಯನ್ನು ಬಾಹುಬಲಿ ಶೂಟಿಂಗ್ ಮಾಡಿದ್ದ. ಎಡಿಟಿಂಗ್ ಆಗಿರಲಿಲ್ಲ, ಯಾರದ್ದೂ ಆರು ತಿಂಗಳೊಳಗೆ ಆಗುವುದಿಲ್ಲ, ಯಾರೂ ಅವಸರ ಮಾಡುವುದೂ ಇಲ್ಲ. ಆದರೆ ಹೋದ ವಾರ ಅವನ ಹೆಂಡತಿ ಇಂದ್ರವ್ವ ತೀರಿಕೊಂಡಿದ್ದಳು. ಸೂತಕದ ಮನುಷ್ಯ ಹಬ್ಬದ ದಿನ ಅಂಗಡಿ ಮೆಟ್ಟಿಲು ಹತ್ತಬಾರದು ಎಂದು ಅವನು ಮೊದಲು ಷಟರಿನ ಹೊರಗೇ ನಿಂತಿದ್ದ. ರೂಪಾಲಿಯೇ ಒಳಗೆ ಕರೆದಿದ್ದಳು.

"ಫೋಟೋ ಅದಾವ್ರಿ ಅಕ್ಕಾರ. ಫೋಟೋ ಬ್ಯಾಡ," ಅವನು ಹೇಳಿದ್ದ. "ಆಕಿ ಒಡಪಾ ಹಾಕ್ಯಾಳಂತ. ಹೆಂಗಸರೆಲ್ಲಾ ಕೂಡಿ ಜುಲ್ಮಿ ಮಾಡಿ ನನ್ನ ಹೆಸರ ಹೇಳಿಸ್ಯಾರಂತ. ನಾ ಆವಾಗ ಹೊರಗ ನೀರಿನ ಟ್ಯಾಂಕರ ಹಂತ್ಯಾಕ ಇದ್ದೆ. ಮನ್ಯಾಗ ಒಂದ ದಿನಾನೂ ಹೆಸರ ಹಿಡದಾಕಿ ಅಲ್ರಿ ಆಕಿ. 'ಏನ್ರಿ', 'ಇಲ್ ಬರ್ರಿ', ಇಲ್ಲಂದ್ರ 'ದೀಪಾನ ಅಪ್ಪ'. ನಾನೂ ಕರದ್ರ ಲಗೂ ಓ ಅನ್ನಾಂವ ಅಲ್ಲ, ಅದು ಖರೆ."

"ಏನಂತ ಒಡಪಾ ಹಾಕಿದ್ರು?"

"ಕೇಳಿದ್ರ ನಗತಾರ್ರಿ, ಹೇಳವೊಲ್ರು. ಈಗ ಕೇಳಾಕ ನನಗ ಬಾಯಿ ಬರವೊಲ್ದು. ಅದೊಂದ ಕೊಡ್ರಿ, ಆಕಿ ಕಾರ್ಯದ ದಿನಾ ಕೇಳ್ತೇನಿ. ಬ್ಯಾರೆ ಏನೂ ಬ್ಯಾಡ."

ಪ್ರಾಸದಲ್ಲಿ ಗಂಡನ ಹೆಸರು ಹೆಣೆದು ಹೇಳುವ ಒಂದು ಸಾಲು, ಅಷ್ಟು ಸಣ್ಣ ಬೇಡಿಕೆ. ನಕಲು ಆಗುತ್ತಿರುವಾಗಲೇ ತೆಗೆದುಕೊಡೋಣ ಎಂದು ಅವಳು ವರ್ಷದ ಫೋಲ್ಡರು ತೆರೆದಳು. ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್. ಪರದೆಯನ್ನು ಕೆಳಗೆ ಸರಿಸಿದಳು. ಕೆಳಗೆ ಬಿಳಿ ಜಾಗವಿತ್ತು. ಅಕ್ಷರದ ಕ್ರಮದಲ್ಲಿರಬೇಕು ಎಂದುಕೊಂಡು ಮೇಲೆ ಹೋದಳು, ಮತ್ತೆ ಕೆಳಗೆ ಬಂದಳು. ಮೇ ತಿಂಗಳು ಇರಲಿಲ್ಲ. ಜೂನ್, ಜುಲೈ ಯಾವುದೂ ಇರಲಿಲ್ಲ. ಹಿಂದಿನಿಂದ ಉದ್ದಪ್ಪ ಪರದೆಗೆ ಬಾಗಿದ. ಅವನ ಬಾಯಿಂದ ಎಲೆಯಡಿಕೆಯ ವಾಸನೆ ಬಂತು.

"ನಮ್ದ ಎಲ್ಲಿ ಐತ್ರಿ ಅಕ್ಕಾರ?"

ಅವಳು ಎದ್ದು ಗೋಡೆಯಿಂದ ಪ್ಲಗ್ ಕಿತ್ತಳು. ಫ್ಯಾನಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು, ಹೊರಗೆ ಯಾರೋ ಯಾರಿಗೋ "ಬನ್ನಿ ತಗೊಂಡು ಬಂಗಾರಧಂಗ ಇರೂಣು" ಎನ್ನುವುದು ಕೇಳಿಸಿತು. ಏಪ್ರಿಲಿನ ಡಿಸ್ಕು ಇವತ್ತು ಮೊದಲನೆಯ ಹೆಸರಿನಲ್ಲಿ ಎದ್ದಿತ್ತು. ಅದನ್ನೇ ಅಸಲು ಎಂದು ನಂಬಿ, ಎಲ್ಲ ಇದ್ದ ಡಿಸ್ಕಿನ ಗುರುತು ಅಳಿಸಿ, ಅದರ ಮೇಲೆ ಅವಳು ಹಳೆಯ ಕಾಲವನ್ನು ಸುರಿಯುತ್ತಿದ್ದಳು.

ಡಬ್ಬಿ ಬಿಚ್ಚಿ ಎರಡನ್ನೂ ಮೇಜಿನ ಮೇಲಿಟ್ಟಳು. ಒಂದೇ ಕಂಪನಿ, ಒಂದೇ ತೂಕ. ಎರಡರ ಸ್ಕ್ರೂ ಗುಂಡಿಗಳಲ್ಲೂ ಕುಂಕುಮ ಒಣಗಿ ನಿಂತಿತ್ತು. ಬಾಹುಬಲಿ ಬಂದು ನೋಡಿದ. ಅವನಿಗೆ ಅರ್ಧ ತಿಳಿಯಿತು, ಅಷ್ಟು ಸಾಕಾಯಿತು. ಉದ್ದಪ್ಪನ ಕಡೆ ತಿರುಗಿ, "ಪೂಜಾದಾಗ ಒಳಗ ಕುಂಕುಮ ಹೋಗೈತಿ ಕಾಕಾ. ದೇವರ ಕೆಲಸಾ, ಯಾರಿಗಿ ಏನ ಅನ್ನೂದು? ತಗದ ಕೊಡ್ತಾರ, ನಾಳಿ ಬಾ" ಎಂದ. ಸುಳ್ಳು ಹೇಳುವಾಗ ಅವನ ದನಿ ಗಿರಾಕಿಯ ಮದುಮಗಳಿಗೆ ಗದ್ದ ಎತ್ತಲು ಹೇಳುವ ದನಿಯಷ್ಟೇ ಮೃದುವಾಗಿತ್ತು. ಹಿಂದಿನ ಕೋಣೆಯ ಬಾಗಿಲಲ್ಲಿ ಇಂದುಬಾಯಿ ನಿಂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ರೂಪಾಲಿ ಕಣ್ಣೆತ್ತಿದಾಗ ಮುದುಕಿ ಸೆರಗಿನ ತುದಿಯಿಂದ ಕ್ಯಾಮೆರಾಗಳ ಮೇಲಿನ ಕುಂಕುಮವನ್ನು ಒಂದೊಂದಾಗಿ ಒರೆಸುತ್ತಿದ್ದಳು. ಹೇಳಬೇಕಾದ ಮಾತು ರೂಪಾಲಿಯ ಬಾಯಲ್ಲಿತ್ತು. ಹೇಳಲಿಲ್ಲ. ಹೇಳಿದರೆ ಈ ಕೆಲಸ ಹೋಗುತ್ತದೆ ಎಂದೇನೂ ಅಲ್ಲ. ಬಾಹುಬಲಿಗೆ ಬೇರೆ ಯಾರೂ ಸಿಗುವುದಿಲ್ಲ. ಕೊಣ್ಣೂರಿನಲ್ಲಿ ಯಾವುದು ಒಡೆದರೂ, ಹಾಲು ಉಕ್ಕಿದರೂ, "ಹೌದು, ನಾನೇ" ಎಂದು ಮೊದಲು ಹೇಳುತ್ತಿದ್ದವಳು ಅವಳು. ಆ ಮನೆಯಲ್ಲಿ ಆ ಎರಡು ಶಬ್ದ ಎಷ್ಟು ಸವೆದಿದ್ದವೆಂದರೆ ನಿಜವಾಗಿ ತಾನೇ ಮಾಡಿದ ದಿನ ಅವು ಬರಲೇ ಇಲ್ಲ.

ಎಲ್ಲ ಇದ್ದ ಡಿಸ್ಕಿನಲ್ಲಿ ಆರಂಭದ ಒಂದು ಪಾಲು ಮಾತ್ರ ಅಳಿದಿತ್ತು. ಆದರೆ ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿಯ ಮುಖ್ಯ ಭಾಗ ಇದ್ದದ್ದು ಆ ಪಾಲಿನಲ್ಲೇ. ಉಳಿದ ಡಿಸ್ಕನ್ನು ತುಂಡುತುಂಡಾಗಿ ಓದಿ ವಿಡಿಯೊದಂತೆ ಕಾಣುವುದನ್ನೆಲ್ಲ ಹೆಕ್ಕಿ ತೆಗೆಯುವ ಒಂದು ಪ್ರೋಗ್ರಾಮು ಅವಳ ಬಳಿ ಇತ್ತು. ಅದು ಹೆಸರು ತರುವುದಿಲ್ಲ, ತಿಂಗಳು ತರುವುದಿಲ್ಲ. ಸಿಕ್ಕದ್ದಕ್ಕೆ ಒಂದು ಸಂಖ್ಯೆ ಕೊಟ್ಟು ಗುಡ್ಡೆ ಹಾಕುತ್ತದೆ. ಅದನ್ನು ಹಚ್ಚಿಟ್ಟು ಸಂಜೆಯ ಬಸ್ಸಿಗೆ ಗೋಕಾಕಕ್ಕೆ ಬಂದಳು. ಖೋಲಿಯ ಬಾಗಿಲ ಸಂದಿಯಲ್ಲಿ ಮಾಲಕಿ ಬನ್ನಿ ಎಲೆ ಸಿಕ್ಕಿಸಿ ಹೋಗಿದ್ದಳು. ಕೈಗೆ ಕೈ ಮುಟ್ಟಿಸಿ ಕೊಡುವ ಎಲೆ ಅದು. ರೂಪಾಲಿ ಅದನ್ನು ತೆಗೆದು ಕಿಟಕಿಯ ಮೇಲಿಟ್ಟು, ಅನ್ನಕ್ಕೆ ಇಡಲು ಅಕ್ಕಿ ತೊಳೆದಳು.

ಮರುದಿನ ಉದ್ದಪ್ಪ ಅವಳಿಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ರೂಪಾಲಿ ಚಪ್ಪಲಿ ಬಿಡದೆ, ಚೀಲ ಇಳಿಸದೆ ಹೇಳಿದಳು.

"ಕುಂಕುಮದಿಂದ ಆಗಿಲ್ರಿ. ಇಂದುಬಾಯಾರದ ಏನೂ ತಪ್ಪಿಲ್ಲ. ಡಿಸ್ಕ ಬದಲಿ ಆಗಿದ್ವು, ನೋಡದ ನಾನ ಅಳಿಸೇನಿ."

ಉದ್ದಪ್ಪ ರಸ್ತೆಯ ಕಡೆ ತಿರುಗಿದ. ಕಬ್ಬಿನ ಖಾಲಿ ಟ್ರ್ಯಾಕ್ಟರೊಂದು ಸದ್ದು ಮಾಡುತ್ತ ಹೋಯಿತು. ಒಳಗೆ ಕಸ ಗುಡಿಸುತ್ತಿದ್ದ ಇಂದುಬಾಯಿಯ ಕಸಬರಿಗೆ ನಿಂತದ್ದು ರೂಪಾಲಿಗೆ ಗೊತ್ತಾಯಿತು.

"ಹಂಗಾರ ನೀವ ಹುಡುಕ್ರಿ," ಎಂದ ಅವನು. ಎದ್ದು ಒಳಗೆ ಬಂದು ಅದೇ ಬೆಂಚಿನ ಮೇಲೆ ಕೂತ.

ಹುಡುಕಿದರು. ಹೆಸರಿಲ್ಲದ ಮದುವೆಗಳು ಒಂದಾದ ಮೇಲೊಂದು ಬಂದವು. ರೂಪಾಲಿ ಯಾವಾಗಲೂ ಧ್ವನಿ ತೆಗೆದು ಎಡಿಟ್ ಮಾಡುತ್ತಿದ್ದವಳು, ಬ್ಯಾಂಡಿನ ಸದ್ದಿಗೆ ತಲೆ ನೋಯುತ್ತದೆ ಎಂದು. ಈಗ ಧ್ವನಿ ಇಟ್ಟುಕೊಂಡೇ ನೋಡಬೇಕಿತ್ತು. ಯಾರೋ ಅಳುವುದು, ಯಾರೋ ಉಪ್ಪು ಕೇಳುವುದು, ಅಕ್ಷತೆ ಬೀಳುವಾಗ ಮೈಕಿನಲ್ಲಿ ಯಾರದೋ ಕೆಮ್ಮು. ಉದ್ದಪ್ಪ ಒಂದನ್ನೂ ದಾಟಿಸಲು ಬಿಡುತ್ತಿರಲಿಲ್ಲ. "ತಡೀರಿ, ಆ ಹಸರ ಸೀರಿ... ಅಲ್ಲ ಬಿಡ್ರಿ. ನಮ್ಮಾಕಿ ಇಷ್ಟ ದಪ್ಪ ಇರ್ಲಿಲ್ಲ." ಒಮ್ಮೆ, "ಈ ಅಳಿಯಾ ನೋಡ್ರಿ, ಹುಗ್ಗಿ ಮುಂದ ಕುಂತಾಗ ಅಷ್ಟ ನಗತಾನ," ಎಂದು ತಾನೂ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡ. ಮಧ್ಯಾಹ್ನ ಇಂದುಬಾಯಿ ಇಬ್ಬರಿಗೂ ರೊಟ್ಟಿ ತಂದಿಟ್ಟಳು. ಹೆಸರು ಹಿಡಿದು ಕರೆಯಲಿಲ್ಲ. "ಉಣ್ಣವಾ" ಎಂದಷ್ಟೇ ಅಂದಳು.

ಅವುಗಳ ನಡುವೆ ಒಂದು ತಾಟು ಬಂತು. ಅಕ್ಕಿ, ಉಂಗುರ, ಒಂದು ಗಂಡಸಿನ ಕೈ. ಪಕ್ಕದಲ್ಲಿ ಮೆಹಂದಿ ಹಚ್ಚಿದ ಇನ್ನೊಂದು ಕೈ, ಅದರ ಕಿರುಬೆರಳು ಸ್ವಲ್ಪ ಸೊಟ್ಟ. ರೂಪಾಲಿ ಕೀಬೋರ್ಡಿನ ಮೇಲಿದ್ದ ತನ್ನ ಸೊಟ್ಟ ಕಿರುಬೆರಳನ್ನು ಮಡಿಚಿಕೊಂಡಳು. ತಾಟಿನಲ್ಲಿ ಅಕ್ಷರಗಳು ಮೂಡಿದವು.

"ಅಕ್ಷರಾ ಚಂದ ಅದಾವ," ಎಂದ ಉದ್ದಪ್ಪ. "ಏನ ಬರದಾರ್ರಿ? ನನಗ ಓದಾಕ ಬರಂಗಿಲ್ಲ."

"ಹೆಸರು," ಎಂದು ಅವಳು ಮುಂದಿನದಕ್ಕೆ ಹೋದಳು.

ಮೂರನೆಯ ದಿನ ಊಟದ ಹೊತ್ತಿಗೆ ಸಿಕ್ಕಿತು. ಶಾಮಿಯಾನದ ಕೆಳಗೆ ಹೆಂಗಸರ ಗುಂಪು, ನಡುವೆ ಸಣಕಲು ದೇಹದ, ಹೊಸ ಸೀರೆಯ ಇಂದ್ರವ್ವ ಓಡಿಹೋಗಲು ನೋಡುತ್ತಿದ್ದಾಳೆ, ಇಬ್ಬರು ಅವಳ ಸೆರಗು ಹಿಡಿದಿದ್ದಾರೆ. "ಹೇಳ ನಮ್ಮವ್ವಾ, ಹೇಳ. ಇವತ್ತ ಬಿಡಂಗಿಲ್ಲ. ಬೀಗರು ಕುಂತಾರ, ಮರ್ಯಾದಿ ತಗೀಬ್ಯಾಡ." ಉದ್ದಪ್ಪ ಬೆಂಚಿನಿಂದ ಎದ್ದು ನಿಂತ. ಇಂದ್ರವ್ವ ಬಾಯಿಗೆ ಕೈ ಅಡ್ಡ ಹಿಡಿದಳು, ತೆಗೆದಳು, ಕ್ಯಾಮೆರಾ ಕಡೆಗಲ್ಲ, ಶಾಮಿಯಾನದ ಹೊರಗೆ ಎತ್ತಲೋ ನೋಡಿದಳು.

"ಹುಗ್ಗಿ ಮ್ಯಾಲ ತುಪ್ಪ, ಹಪ್ಪಳಕ್ಕ ಉಪ್ಪ, ಎಷ್ಟ ಕರದ್ರೂ ಓ ಅನ್ನಂಗಿಲ್ಲ ನಮ್ಮ..."

ಚಿತ್ರ ಹಸಿರು ಚೌಕಗಳಾಗಿ ಒಡೆಯಿತು. ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ಬೇರೆ ಯಾವುದೋ ಊರಿನ, ಬೇರೆ ಯಾರದೋ ಮದುವೆಯ ಬ್ಯಾಂಡು ಶುರುವಾಯಿತು.

"ಮತ್ತೊಮ್ಮಿ ಹಚ್ರಿ," ಎಂದ ಉದ್ದಪ್ಪ. ಅವಳು ಹಚ್ಚಿದಳು. ಮತ್ತೆ ಹಚ್ಚಿದಳು. ಒಂದು ವಿಡಿಯೊ ಡಿಸ್ಕಿನಲ್ಲಿ ಒಂದೇ ಕಡೆ ಇರುವುದಿಲ್ಲ, ಜಾಗ ಸಿಕ್ಕಲ್ಲಿ ತುಂಡಾಗಿ ಕೂರುತ್ತದೆ; ಈ ತುಂಡು ದೂರದಲ್ಲಿ ಕೂತು ಉಳಿಯಿತು, ಮುಂದಿನ ತುಂಡು ಆರಂಭದ ಖಾಲಿ ಜಾಗದಲ್ಲಿ ಕೂತಿತ್ತು, ಅಲ್ಲಿ ಅವಳ ನಕಲು ಹರಿದಿತ್ತು. ಅದನ್ನು ಅವನಿಗೆ ಹೇಗೆ ಹೇಳುವುದು ಎಂದು ಅವಳು ಯೋಚಿಸುತ್ತಿರುವಾಗಲೇ ಅವನು ಕೇಳಿದ:

"ನೀವು ಮದಲ ಕೇಳಿದ್ರೇನ್ರಿ ಅಕ್ಕಾರ? ಮೇ ತಿಂಗಳದಾಗ? ಹೆಂಗ ಅಂದ್ಲು?"

ಕೇಳಿದ್ದೆ ಎನ್ನಬಹುದಿತ್ತು. ನಗುತ್ತ ಅಂದರು ಎನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಇಲ್ರಿ," ಎಂದಳು ರೂಪಾಲಿ. "ಡಿಸ್ಕಿಗೆ ಇಳಿಸೂ ಮುಂದ ಧ್ವನಿ ಬಂದ್ ಇಟ್ಟಿದ್ದೆ."

ಅವನು ತಲೆಯಾಡಿಸಿದ. ಆ ಬ್ಯಾಂಡಿನ ಭಾಗ ಕತ್ತರಿಸಿ ಕೊಡುತ್ತೇನೆ ಎಂದಾಗ ಬೇಡ ಎಂದ. "ಎಲ್ಲಿ ಕಡದ್ರ ಇನ್ನೇನ ಹೊಕ್ಕೈತೋ. ಹಂಗ ಇರ್ಲಿ." ಪೆನ್‌ಡ್ರೈವನ್ನು ಅಂಗಿಯ ಒಳಕಿಸೆಯಲ್ಲಿಟ್ಟು, ಮೆಟ್ಟಿಲಿಳಿದ ಮೇಲೆ ತಿರುಗಿ, "ಕಾರ್ಯಕ್ಕ ಬರ್ರಿ. ನೀವ ಬಂದ ಟೀವಿಗೆ ಹಚ್ರಿ, ನಮಗ ಬರಂಗಿಲ್ಲ," ಎಂದ. ಅದು ಕರೆಯೋ, ಕೆಲಸ ಒಪ್ಪಿಸಿದ್ದೋ ಅವಳಿಗೆ ತಿಳಿಯಲಿಲ್ಲ.

ಅವಳು ಹೋದಳು. ಮೇಲವಂಕಿಯ ಆ ಮನೆಯ ನಡುಮನೆ ಹೆಂಗಸರಿಂದ ತುಂಬಿತ್ತು. ದೀಪಾ ಗೋಡೆಗೆ ಒರಗಿ ಕೂತಿದ್ದಳು. ಯಾರೋ ಸರಿದು ರೂಪಾಲಿಗೆ ಟೀವಿಯ ಬದಿಯಲ್ಲಿ ಜಾಗ ಮಾಡಿದರು. ನೀವು ಯಾರು ಎಂದು ಕೇಳಲಿಲ್ಲ, ಟೀವಿಯವರು ಎಂದು ತಿಳಿದರು. ಉದ್ದಪ್ಪ ಒಳಗೆ ಬಂದಿರಲಿಲ್ಲ. ಅವಳು ಪೆನ್‌ಡ್ರೈವ್ ಚುಚ್ಚಿ ಹಚ್ಚಿದಳು. ಸೆರಗು ಹಿಡಿದು ಜಗ್ಗುವಲ್ಲಿ ಒಂದಿಬ್ಬರು ಅಳುತ್ತಲೇ ನಕ್ಕರು. ಹುಗ್ಗಿ ಬಂತು, ಹಪ್ಪಳ ಬಂತು. ಚಿತ್ರ ಒಡೆಯುವ ಗಳಿಗೆಗೆ ರೂಪಾಲಿ ನೆಲ ನೋಡಿದಳು.

ಹಸಿರು ಚೌಕಗಳು ಬಂದವು. ಆ ಒಂದು ಕ್ಷಣದ ಸದ್ದಿಲ್ಲದ ಜಾಗದಲ್ಲಿ, ಇಂದ್ರವ್ವನ ಅಕ್ಕ ಹನಮವ್ವ ತಂಗಿ ಎಳೆದಂತೆಯೇ ಎಳೆದು, "ಉದ್ದಪ್ಪಾ" ಎಂದಳು. ಮದುವೆಯ ದಿನ ಅಲ್ಲಿದ್ದ ನಾಲ್ಕಾರು ಹೆಂಗಸರು ಅವಳ ಜೊತೆಗೇ ಅಂದರು.

ಹೊರಗೆ, ನೀರಿನ ಟ್ಯಾಂಕರಿನ ಬಳಿಯಿಂದ ಉದ್ದಪ್ಪ "ಓ" ಅಂದ.

ಬ್ಯಾಂಡು ಶುರುವಾಯಿತು. ಯಾರೂ ನಿಲ್ಲಿಸೆಂದು ಹೇಳಲಿಲ್ಲ, ರೂಪಾಲಿಯೂ ನಿಲ್ಲಿಸಲಿಲ್ಲ. ಅದು ತಾನಾಗಿ ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ದೀಪಾಳ ಕೈಗೆ ಕೊಟ್ಟು, ಗೋಕಾಕದ ಬಸ್ಸು ಹಿಡಿದಳು.